ಪೃಚ್ಛಕರು ಬೇಕಾಗಿದ್ದಾರೆ

(ಮೈಸೂರಿನ ಒಂದು ಹಳೆಯ ಮನೆಯ ಜಗಲಿ. ಭಾನುವಾರ ಬೆಳಿಗ್ಗೆ. ದೊಡ್ಡಪ್ಪನಿಗೆ ಎಪ್ಪತ್ತೆಂಟು, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಎದುರಿಗಿರುವುದು ತಮ್ಮನ ಮಗಳು. ಈ ಮನೆಯಲ್ಲಿ ತಮ್ಮನ ಮಗಳೂ ಮಗಳೇ, ಹಾಗೆಂದೇ ಕರೆಯೋಣ. ಅವಳ ಕೈಯಲ್ಲಿ ಕಾಫಿ, ಅವರ ಕೈಯಲ್ಲಿ ಪೆನ್ನು.)

ಮಗಳು: ದೊಡ್ಡಪ್ಪ, ಕಾಫಿ. ಸಕ್ಕರೆ ಬೇಕಾ?

ದೊಡ್ಡಪ್ಪ: ಅಕ್ಕರೆ ಯಾರಿಗೆ ಬೇಡ ಹೇಳು? ಕೊಡು, ಕೊಡು.

ಮಗಳು: ಮಾತಿನಲ್ಲಿ ನಿಮ್ಮನ್ನ ಗೆಲ್ಲೋಕಾಗಲ್ಲ. ಬೆಳಿಗ್ಗೆ ಸಂತೆಗೆ ಹೋಗಿದ್ರಾ?

ದೊಡ್ಡಪ್ಪ: ಅಂತೆ ಕಂತೆಗಳ ಗೊಡವೆಯೇ ನನಗೆ ಬೇಡ ಕಣಮ್ಮ. ಪೇಪರ್ ಬಂತು, ಪದಬಂಧ ಇದೆ, ಸುಡೊಕು ಇದೆ. ಇವೆರಡು ಮುಗಿಸೋ ಹೊತ್ತಿಗೆ ತಲೆ ಚುರುಕಾಗುತ್ತೆ. ನೋಡು, ಇವತ್ತು ಪದಬಂಧಕ್ಕೆ ಹಿಡಿದದ್ದು ಹನ್ನೊಂದೇ ನಿಮಿಷ. ಎಪ್ಪತ್ತೆಂಟಕ್ಕೆ ಇಷ್ಟು ಸಾಲದಾ?

ಮಗಳು: ಶುರು ಮಾಡಿದ ಹೊಸದರಲ್ಲಿ ಎಷ್ಟು ಹೊತ್ತು ಹಿಡೀತಿತ್ತು?

ದೊಡ್ಡಪ್ಪ: ರಿಟೈರಾದ ವರ್ಷವಾ? ಒಂದೂವರೆ ಗಂಟೆ. ಆದರೂ ನಾಲ್ಕು ಮನೆ ಖಾಲಿ ಉಳೀತಿತ್ತು. ಮಾರನೇ ದಿನ ಉತ್ತರ ನೋಡಿ ಹಣೆ ಚಚ್ಚಿಕೊಳ್ತಿದ್ದೆ. ಈಗ ಹಾಗಿಲ್ಲ. ಆನೆ ಅಂದ್ರೆ ಕರಿ, ಚಂದ್ರ ಅಂದ್ರೆ ಶಶಿ, ಕಮಲ ಅಂದ್ರೆ ವಾರಿಜ. ಸುಳಿವು ಪೂರ್ತಿ ಓದೋ ಮೊದಲೇ ಕೈ ಬರೆದುಬಿಟ್ಟಿರುತ್ತೆ.

ಮಗಳು: ಕೈ ಬರೆಯುತ್ತೆ ಅಂದ್ರಲ್ಲ, ಅಲ್ಲೇ ಇದೆ ನೋಡಿ ತಕರಾರು. ಹಣೆ ಚಚ್ಚಿಕೊಳ್ತಿದ್ದ ಕಾಲದಲ್ಲಿ ಅದು ತಲೆಗೆ ಸಾಮು. ಹನ್ನೊಂದು ನಿಮಿಷಕ್ಕೆ ಇಳಿದ ಮೇಲೆ ಅದು ಜಪ.

ದೊಡ್ಡಪ್ಪ: ಜಪ ಕೆಟ್ಟದ್ದೇನೇ?

ಮಗಳು: ಕೆಟ್ಟದ್ದಲ್ಲ, ನೆಮ್ಮದಿ ಕೊಡುತ್ತೆ. ಚುರುಕು ಬೇರೆ ಮಾತು. ಅಮೆರಿಕದಲ್ಲಿ 65 ದಾಟಿದ 2,832 ಜನರನ್ನ ಗುಂಪು ಮಾಡಿ ತರಬೇತಿ ಕೊಟ್ಟರು. ಒಂದು ಗುಂಪಿಗೆ ನೆನಪಿನದು, ಒಂದಕ್ಕೆ ತರ್ಕದ್ದು, ಇನ್ನೊಂದಕ್ಕೆ ಕಣ್ಣಿಗೆ ಬಿದ್ದದ್ದನ್ನ ಥಟ್ಟನೆ ಗುರುತಿಸೋದು. ಫಲಿತಾಂಶ 2002ರಲ್ಲಿ ಬಂತು. ಯಾರು ಯಾವುದರಲ್ಲಿ ಪಳಗಿದ್ದರೋ ಅದರಲ್ಲಿ ಮಾತ್ರ ಮುಂದಾದರು. ನೆನಪು ತೀಡಿಕೊಂಡವರ ತರ್ಕ ಇದ್ದಲ್ಲೇ ಇತ್ತು.

ದೊಡ್ಡಪ್ಪ: ಅದಕ್ಕೆ ಅಮೆರಿಕಕ್ಕೆ ಯಾಕೆ ಹೋಗಬೇಕು, ನನ್ನ ಕ್ಲಾಸಿಗೆ ಬಂದಿದ್ರೆ ಸಾಕಿತ್ತು. ಬಡ್ಡಿ ಲೆಕ್ಕ ಉರು ಹೊಡೆದ ಹುಡುಗ ಎರಡು ರೈಲು ಎದುರುಬದುರಾದ ಲೆಕ್ಕ ಕಂಡರೆ ಕಂಗಾಲಾಗ್ತಿದ್ದ. ನೀನು ಹೇಳೋದು ಸರಿ ಇರಬಹುದು. ಆದರೂ ನಾನು ಪದಬಂಧ ಬಿಡಲ್ಲ.

ಮಗಳು: ಬಿಡಿ ಅಂತ ಯಾರು ಅಂದ್ರು?

ದೊಡ್ಡಪ್ಪ: ಯಾಕೆ ಬಿಡಲ್ಲ ಅಂತ ಕೇಳು. ನಮ್ಮಕ್ಕ, ನಿನ್ನ ಸೋದರತ್ತೆ, ಮಗ್ಗಿ ಹೇಳಿಕೊಟ್ಟು ನನ್ನನ್ನ ಲೆಕ್ಕದ ದಾರಿಗೆ ಹಚ್ಚಿದವಳು. ಕೊನೆಯ ವರ್ಷ ನನ್ನ ಮುಖ ನೋಡಿ, 'ಯಾರಪ್ಪ ನೀನು, ಯಾರ ಮನೆಯವನು' ಅಂದಳು. ಆವತ್ತಿಂದ ಪದಬಂಧ ನನಗೆ ಆಟ ಅಲ್ಲ. ದಿನಾ ಬೆಳಿಗ್ಗೆ ನನಗೆ ನಾನೇ ಕೊಟ್ಟುಕೊಳ್ಳೋ ಪರೀಕ್ಷೆ. ಖಾಲಿ ಮನೆ ಉಳೀಲಿಲ್ಲ ಅಂದ್ರೆ, ಇವತ್ತಿಗೆ ಪಾಸು.

ಮಗಳು: (ಸ್ವಲ್ಪ ಹೊತ್ತು ಬಿಟ್ಟು) ಅದು ನನಗೆ ಗೊತ್ತಿರಲಿಲ್ಲ ದೊಡ್ಡಪ್ಪ.

ದೊಡ್ಡಪ್ಪ: ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ಚಿಕ್ಕಂದಿನಲ್ಲಿ ನಾವೂ ಅಂದು ನಕ್ಕಿದ್ದೇವೆ. ಈಗ ನಗು ಬರಲ್ಲ.

ಮಗಳು: ಬೇಂದ್ರೆಯವರಿಗೆ ಬರ್ತಿತ್ತು. ಅರವತ್ತರ ಆಸುಪಾಸಿನಲ್ಲಿ ಅವರು ತಮ್ಮ ಸಂಕಲನಕ್ಕೆ ಇಟ್ಟ ಹೆಸರೇ 'ಅರಳು ಮರಳು'. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬೈಗುಳದ ಮಾತನ್ನ ಎರಡಾಗಿ ಒಡೆದು ನೋಡಿ, ಮರಳಿ ಅರಳೋದು ಅನ್ನೋ ಅರ್ಥವೂ ಹೊರಡುತ್ತೆ.

ದೊಡ್ಡಪ್ಪ: ಬೇಂದ್ರೆಗೆ ಮುಪ್ಪಿನಲ್ಲಿ ನಮ್ಮ ಇಲಾಖೆಯ ಹುಚ್ಚೂ ಹಿಡಿದಿತ್ತು. ಸಂಖ್ಯೆಗಳ ಹುಚ್ಚು. 441 ಅನ್ನೋದರ ಸುತ್ತ ಎಷ್ಟು ಲೆಕ್ಕ ಹಾಕಿದ್ದಾರೆ! ಇಪ್ಪತ್ತೊಂದರ ವರ್ಗ ಅದು. ಆದರೆ ಅವರು ಮಹಾಕವಿ. ಮಾಮೂಲಿ ಮನುಷ್ಯರಿಗೆ ಆ ಲೆಕ್ಕ ಹೊಂದಲ್ಲ.

ಮಗಳು: ಸರಿ, ಕವಿ ಬೇಡ. ನಿಮ್ಮ ಹಾಗೆ ಪದಗಳ ಹಿಂದೆ ಬಿದ್ದವರು, ಜಿ. ವೆಂಕಟಸುಬ್ಬಯ್ಯ. ಹುಟ್ಟಿದ್ದು 1913. 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಅಂಕಣ ಶುರು ಮಾಡಿದ್ದು 1991ರಲ್ಲಿ. ಕಳೆದು ನೋಡಿ.

ದೊಡ್ಡಪ್ಪ: ಎಪ್ಪತ್ತೆಂಟು. ನನ್ನ ವಯಸ್ಸು!

ಮಗಳು: ಆಮೇಲೆ ವರ್ಷಗಟ್ಟಲೆ ಬರೆದರು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ತೊಂಬತ್ತೇಳು. ತೀರಿಕೊಂಡದ್ದು 2021ರಲ್ಲಿ, ನೂರ ಏಳನೇ ವಯಸ್ಸಿನಲ್ಲಿ. ಈಗ ಹೇಳಿ, ನೀವೂ ದಿನಾ ಪದಗಳ ಜೊತೆ ಇರ್ತೀರಿ, ಅವರೂ ಇರ್ತಿದ್ದರು. ವ್ಯತ್ಯಾಸ ಎಲ್ಲಿ?

ದೊಡ್ಡಪ್ಪ: ಅವರು ವಿದ್ವಾಂಸರು, ನಾನು ಮೇಷ್ಟ್ರು.

ಮಗಳು: ಅವರೂ ಮೇಷ್ಟ್ರೇ. ವ್ಯತ್ಯಾಸ ಅಂಚೆಯದು. ಎಲ್ಲಿಂದಲೋ ಯಾರೋ ಪತ್ರ ಬರೀತಾರೆ. ಈ ಮಾತು ಸರಿಯೋ ತಪ್ಪೋ, ಇದರ ಮೂಲ ಯಾವುದು, ನಮ್ಮೂರಲ್ಲಿ ಹೀಗಂತೀವಿ, ಯಾಕೆ? ಯಾವ ಪ್ರಶ್ನೆ ಬರುತ್ತೆ ಅಂತ ಮೊದಲೇ ಗೊತ್ತಿಲ್ಲ. ನಿಮ್ಮ ಪದಬಂಧ ನಿಮ್ಮನ್ನ ಯಾವತ್ತಾದ್ರೂ, 'ಅದು ಹಾಗಲ್ಲ ಸ್ವಾಮಿ' ಅಂದಿದೆಯಾ?

ದೊಡ್ಡಪ್ಪ: ಎದುರಾಡದ ಶಿಷ್ಯ ಅದು.

ಮಗಳು: ನೀವು ಅವಧಾನ ನೋಡಿದವರು. ಶತಾವಧಾನಿ ಗಣೇಶರು ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಒಂದಾದರೂ ಒಬ್ಬರೇ ಕೂತು ಮಾಡಿದ್ದುಂಟಾ?

ದೊಡ್ಡಪ್ಪ: ಒಬ್ಬನೇ ಅವಧಾನ ಮಾಡೋದು ಹೇಗೆ! ಸುತ್ತ ಪ್ರಶ್ನೆ ಕೇಳೋ ಎಂಟು ಜನ ಪೃಚ್ಛಕರು ಬೇಕು. ಅವರ ಕೆಲಸವೇ ಅಡ್ಡಿ. ನಿಷೇಧಾಕ್ಷರಿಯವನು ಅಕ್ಷರ ಅಕ್ಷರಕ್ಕೂ 'ಇದು ಕೂಡದು' ಅಂತ ಬೇಲಿ ಹಾಕ್ತಾನೆ. ಸಂಖ್ಯಾಬಂಧದವನು ನಡುನಡುವೆ ಯಾವುದೋ ಮನೆ ತೋರಿಸಿ ಅಂಕಿ ಕೇಳ್ತಾನೆ. ಉದ್ದ, ಅಡ್ಡ, ಮೂಲೆ ಎಲ್ಲಿಂದ ಕೂಡಿದರೂ ಒಂದೇ ಮೊತ್ತ ಬರಬೇಕು. ಪೆನ್ನಿಲ್ಲ, ಕಾಗದ ಇಲ್ಲ. ಇಷ್ಟರ ಮಧ್ಯೆ ಅಪ್ರಸ್ತುತ ಪ್ರಸಂಗದವನು ಬಾಯಿ ಹಾಕಿ, 'ಇವತ್ತು ನಿಮ್ಮನೇಲಿ ಹುಳಿಗೆ ಉಪ್ಪು ಜಾಸ್ತಿಯಂತೆ' ಅಂತಾನೆ. ಅವನಿಗೂ ನಗಿಸೋ ಉತ್ತರ ಕೊಡಬೇಕು, ಬಿಟ್ಟ ಪದ್ಯದ ಸಾಲನ್ನೂ ಮರೆಯಬಾರದು. ಕೊನೆಯಲ್ಲಿ ಧಾರಣ, ಎಲ್ಲಾ ಒಪ್ಪಿಸಬೇಕು.

ಮಗಳು: ಆ ಎಂಟು ಜನರನ್ನ ಎಬ್ಬಿಸಿ ಮನೆಗೆ ಕಳಿಸಿದ್ರೆ?

ದೊಡ್ಡಪ್ಪ: ಒಬ್ಬ ಮನುಷ್ಯ ಸುಮ್ಮನೆ ಕೂತಿರ್ತಾನೆ.

ಮಗಳು: ಪದಬಂಧ ಹಿಡಿದುಕೊಂಡು.

ದೊಡ್ಡಪ್ಪ: (ನಕ್ಕು) ಚುಚ್ಚಿದೆ ನೀನು. ಅಂದ್ರೆ ಹೋಗಿ ಯಾರ ಹತ್ತಿರವಾದ್ರೂ ಹರಟೆ ಹೊಡಿ ಅಂತೀಯಾ?

ಮಗಳು: ಬರೀ ಹರಟೆಯೂ ಸಾಲದು. ಇದನ್ನೂ ಅಳೆದು ನೋಡಿದ್ದಾರೆ. 60ರಿಂದ 90 ವಯಸ್ಸಿನ 221 ಜನ, ಮೂರು ತಿಂಗಳು, ವಾರಕ್ಕೆ ಸುಮಾರು ಹದಿನೈದು ಗಂಟೆ. ಕೆಲವರಿಗೆ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆಯೋದನ್ನ ಕಲಿಸಿದರು, ಕೆಲವರಿಗೆ ಬಟ್ಟೆ ಜೋಡಿಸಿ ಹೊಲಿಯೋದನ್ನ, ನಮ್ಮ ಕೌದಿಯ ಥರ. ಒಂದು ಗುಂಪು ಸೇರಿ ಆಟ, ಅಡುಗೆ, ಮಾತುಕತೆ ಅಂತ ಕಾಲ ಕಳೀತು. ಇನ್ನೊಂದು ಗುಂಪು ಮನೆಯಲ್ಲೇ ಸಂಗೀತ ಕೇಳ್ತಾ, ಪದಗಳ ಆಟ ಆಡ್ತಾ ಇತ್ತು. ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದನ್ನ ಕಲಿತವರಲ್ಲಿ.

ದೊಡ್ಡಪ್ಪ: ಕೌದಿ ಹೊಲಿದವರಲ್ಲಿ! ನಮ್ಮಜ್ಜಿಗೆ ಇದು ಗೊತ್ತಾಗಿದ್ರೆ ಎಷ್ಟು ಜಂಬ ಪಡ್ತಿದ್ದರೋ.

ಮಗಳು: ಅಜ್ಜಿಗೆ ಅದು ಕೈಗೆ ಕೂತ ಕೆಲಸ, ನಿಮ್ಮ ಪದಬಂಧದ ಹಾಗೆ. ನಿಮಗೆ ಕೊಟ್ಟರೆ ಅದೇ ಸಾಮು. ಸೂಜಿಗೆ ದಾರ ಪೋಣಿಸೋದರಿಂದ ಶುರು. 'ಹೊಲಿಗೆ ಸೊಟ್ಟಗಾಯ್ತು, ಬಿಚ್ಚಿ' ಅನ್ನೋಕೆ ಪಕ್ಕದಲ್ಲಿ ಒಬ್ಬರು ಕೂತಿರ್ತಾರೆ. ಎಲ್ಲಿ ನಾವು ವಿದ್ಯಾರ್ಥಿಯೋ, ಎಲ್ಲಿ ನಮ್ಮನ್ನ ತಿದ್ದೋರು ಇದ್ದಾರೋ, ಅಲ್ಲಿ ತಲೆ ಎಚ್ಚರವಾಗಿರುತ್ತೆ.

ದೊಡ್ಡಪ್ಪ: ನಿಮ್ಮತ್ತೆಗೂ ತಿದ್ದೋರಿದ್ದರು. ಮನೆ ತುಂಬ ಜನ, ಮೊಮ್ಮಕ್ಕಳು. ಆದರೂ ಹಾಗಾಯ್ತಲ್ಲ.

ಮಗಳು: ಆಗುತ್ತೆ ದೊಡ್ಡಪ್ಪ. ಏನು ಮಾಡಿದರೂ ಬರೋದಿಲ್ಲ ಅಂತ ನಾನು ಹೇಳಿದ್ರೆ ಅದು ಸುಳ್ಳಾಗುತ್ತೆ. 'ಲ್ಯಾನ್ಸೆಟ್' ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಹದಿನಾಲ್ಕು ಕಾರಣ ಪಟ್ಟಿ ಮಾಡಿತು. ಬಿ.ಪಿ., ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಸಿಗರೇಟು, ಕುಡಿತ, ಓಡಾಟ ಇಲ್ಲದಿರೋದು, ಖಿನ್ನತೆ, ಒಂಟಿತನ, ಕಣ್ಣು ಮಂಜಾಗೋದು, ಹೀಗೆ. ಅಷ್ಟನ್ನೂ ನಿಭಾಯಿಸಿದರೆ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನ ತಡೆಯಬಹುದು, ಇಲ್ಲವೇ ಮುಂದೂಡಬಹುದು ಅಂತ ಅವರ ಅಂದಾಜು.

ದೊಡ್ಡಪ್ಪ: ಉಳಿದ ಐವತ್ತೈದು?

ಮಗಳು: ಅದು ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಅತ್ತೆದು ಆ ಐವತ್ತೈದರ ಪಾಲಿರಬಹುದು. ಅದಕ್ಕೆ ಅವರನ್ನೂ ದೂರಬಾರದು, ನಮ್ಮನ್ನೂ ದೂರಿಕೊಳ್ಳಬಾರದು. ಆದರೆ ಒಂದು ಸಮಾಧಾನ ಇದೆ. ಅಮೆರಿಕದಲ್ಲಿ 678 ಕ್ರೈಸ್ತ ಸನ್ಯಾಸಿನಿಯರನ್ನ ವರ್ಷಗಟ್ಟಲೆ ಪರೀಕ್ಷೆ ಮಾಡಿದರು, ತೀರಿಕೊಂಡ ಮೇಲೆ ಮೆದುಳನ್ನೂ ನೋಡಿದರು. ಒಬ್ಬರು ನೂರ ಒಂದು ವರ್ಷ ಬದುಕಿದವರು, ಕೊನೆತನಕ ಪರೀಕ್ಷೆಗಳಲ್ಲಿ ಒಳ್ಳೇ ಅಂಕ. ಮೆದುಳು ತೆರೆದರೆ ಅಲ್ಜೈಮರ್ ಗುರುತುಗಳು ಹೇರಳವಾಗಿದ್ದವು.

ದೊಡ್ಡಪ್ಪ: ಕಾಯಿಲೆ ಒಳಗಿತ್ತು, ಹೊರಗೆ ಕಾಣಲಿಲ್ಲ?

ಮಗಳು: ಹಾಗೇ. ಬದುಕೆಲ್ಲ ಓದಿ, ಕಲಿಸಿ, ನಾಲ್ಕು ಜನರ ಜೊತೆ ಒಡನಾಡಿ ಕೂಡಿಸಿಕೊಂಡದ್ದು ಇಡುಗಂಟಾಗುತ್ತೆ ಅಂತಾರೆ. ಬರಗಾಲ ಬಂದಾಗ ಅದು ಕೆಲವು ಕಾಲ ಮನೆ ನಡೆಸುತ್ತೆ. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತು ಜೊತೆಯವರು, ಈಗ ಅವರು ನಮ್ಮ ನಿಮ್ಹಾನ್ಸ್‌ನಲ್ಲಿದ್ದಾರೆ, 648 ಡಿಮೆನ್ಷಿಯಾ ರೋಗಿಗಳ ವಿವರ ನೋಡಿದರು. 2013ರಲ್ಲಿ ಪ್ರಕಟವಾಯ್ತು. ಒಂದೇ ಭಾಷೆಯವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಳಸೋರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಇತ್ತು.

ದೊಡ್ಡಪ್ಪ: ಹಾಗಾದ್ರೆ ನಮ್ಮ ದೇವರಾಜ ಮಾರುಕಟ್ಟೆಯ ಹೂವಿನವರೆಲ್ಲ ಸಾಹುಕಾರರು. ಕನ್ನಡದಲ್ಲಿ ಕೂಗ್ತಾರೆ, ತಮಿಳಲ್ಲಿ ಚೌಕಾಸಿ, ಉರ್ದುವಿನಲ್ಲಿ ತಮಾಷೆ. ನನ್ನ ಉರ್ದು ಕೂಡ ಪುಸ್ತಕದ್ದಲ್ಲ, ಚೆಸ್ ಬೋರ್ಡಿನದು. ಪಕ್ಕದ ಬೀದಿಯ ಸಾಹೇಬರ ಜೊತೆ ಹದಿನೈದು ವರ್ಷ ಆಡಿದ್ದೀನಿ. ನಾನು ಕನ್ನಡದಲ್ಲಿ ಬೈದ್ರೆ ಅವರು ಉರ್ದುವಿನಲ್ಲಿ ಬೈಯೋರು.

ಮಗಳು: ಈಗ ಯಾಕೆ ಆಡ್ತಿಲ್ಲ?

ದೊಡ್ಡಪ್ಪ: ಅವರಿಗೆ ವಯಸ್ಸಾಯ್ತು. ಮಾತು ಬಾಯಲ್ಲೇ ಗೊಣಗ್ತಾರೆ.

ಮಗಳು: ಸೋಮವಾರದ ಗಮಕ ವಾಚನ? ಕುಮಾರವ್ಯಾಸ ಅಂದ್ರೆ ಮೊದಲ ಸಾಲಲ್ಲಿ ಕೂರ್ತಿದ್ರಿ.

ದೊಡ್ಡಪ್ಪ: ಬಿಟ್ಟು ಎರಡು ವರ್ಷ ಆಯ್ತು. ಈಗಿನವರು ರಾಗ ಎಳೀತಾರೆ, ಸಾಹಿತ್ಯ ನುಂಗ್ತಾರೆ.

ಮಗಳು: ಮೊಮ್ಮಗಳು ಬೆಂಗಳೂರಿಂದ ಫೋನ್ ಮಾಡಿದ್ರೆ ಎರಡೇ ನಿಮಿಷಕ್ಕೆ ದೊಡ್ಡಮ್ಮನ ಕೈಗೆ ಕೊಡ್ತೀರಂತೆ.

ದೊಡ್ಡಪ್ಪ: ಇಂಗ್ಲಿಷ್ ಶಾಲೆ ಮಕ್ಕಳು, ಕನ್ನಡ ಸ್ಪಷ್ಟವಾಗಿ ಆಡಲ್ಲ.

ಮಗಳು: ಒಬ್ಬರು ಗೊಣಗ್ತಾರೆ, ಒಬ್ಬರು ನುಂಗ್ತಾರೆ, ಒಬ್ಬಳು ಸ್ಪಷ್ಟವಾಗಿ ಆಡಲ್ಲ. ದೊಡ್ಡಪ್ಪ, ನೀವು ಲೆಕ್ಕದ ಮೇಷ್ಟ್ರು. ಮೂರು ಸಮೀಕರಣದಲ್ಲೂ ಬರ್ತಿರೋ ಪದ ಯಾವುದು?

ದೊಡ್ಡಪ್ಪ: (ಮಾತಿಲ್ಲ.)

ಮಗಳು: ಕಾಫಿ ಹೇಗಿತ್ತು?

ದೊಡ್ಡಪ್ಪ: ಕಹಿ ಇತ್ತು. ನನ್ನ ಆರೋಗ್ಯದ ಕಾಳಜಿಗೆ ನೀನು ಸಕ್ಕರೆ ಬಿಟ್ಟೆ ಅಂದುಕೊಂಡು ಸುಮ್ಮನೆ ಕುಡಿದೆ.

ಮಗಳು: 'ಸಕ್ಕರೆ ಬೇಕಾ' ಅಂದೆ. ನೀವು ಅಕ್ಕರೆ ಅಂದ್ರಿ. ಜಾಣ ಉತ್ತರ ಅಂತ ನಾನೂ ನಕ್ಕೆ. ಆಮೇಲೆ 'ಸಂತೆ' ಅಂದೆ, ನಿಮಗೆ 'ಅಂತೆ' ಕೇಳಿಸ್ತು. ಎರಡರಲ್ಲೂ ಬಿದ್ದುಹೋದದ್ದು ಒಂದೇ ಅಕ್ಷರ.

ದೊಡ್ಡಪ್ಪ: ಸಕಾರ.

ಮಗಳು: ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ತೆಳುವಾದ, ಎತ್ತರದ ಸದ್ದುಗಳನ್ನ. ಸ, ಶ, ಚ, ತ, ಇಂಥವು. ಸ್ವರಗಳು ದಪ್ಪ, ಅವು ಉಳೀತವೆ. ಹಾಗಾಗಿ ಯಾರೋ ಮಾತಾಡ್ತಿದ್ದಾರೆ ಅಂತ ಕೇಳಿಸುತ್ತೆ, ಏನು ಅಂತ ತಿಳಿಯಲ್ಲ. ಹೆಂಗಸರ, ಮಕ್ಕಳ ದನಿ ಇನ್ನೂ ಕಷ್ಟ. ನೀವು ಯಾರಿಗೂ ಹೇಳದೆ ನಡುವಿನ ಖಾಲಿ ಮನೆ ತುಂಬಿಸ್ಕೊಳ್ತಾ ಬಂದಿದ್ದೀರಿ, ಪದಬಂಧದ ಹಾಗೇ.

ದೊಡ್ಡಪ್ಪ: ಊರಿಗೆಲ್ಲ ಕಿವಿ ಪರೀಕ್ಷೆ ಮಾಡೋ ಮಗಳು ಮನೆಗೆ ಬಂದಾಗಲೆಲ್ಲ ಹೆದರ್ತಿದ್ದೆ ಕಣೆ, ಸಿಕ್ಕಿಬೀಳ್ತೀನಿ ಅಂತ. ಅದಕ್ಕೇ ಜಾಸ್ತಿ ನಾನೇ ಮಾತಾಡೋದು. ಮಾತಾಡ್ತಾ ಇದ್ರೆ ಕೇಳಿಸ್ಕೊಳ್ಳೋ ಪ್ರಮೇಯ ಬರಲ್ಲ ನೋಡು. ಆದರೆ ಕಿವಿಗೂ ಬುದ್ಧಿಗೂ ಏನು ಸಂಬಂಧ?

ಮಗಳು: ಆ ಹದಿನಾಲ್ಕರ ಪಟ್ಟಿಯಲ್ಲಿ ನಾನು ಬೇಕಂತಲೇ ಒಂದನ್ನ ಹೇಳದೆ ಬಿಟ್ಟೆ. ಕಿವಿ ಮಂದವಾಗೋದು. ಒಂದೊಂದು ಕಾರಣದ ಪಾಲು ತೆಗೆದರೆ ಅತಿ ದೊಡ್ಡ ಪಾಲು, ಶೇ. 7, ಎರಡಕ್ಕೆ ಬರುತ್ತೆ. ಕೆಟ್ಟ ಕೊಲೆಸ್ಟರಾಲ್ ಒಂದು, ಇದು ಇನ್ನೊಂದು. ಒಡೆದ ಮಾತನ್ನ ಜೋಡಿಸೋದರಲ್ಲೇ ತಲೆ ದಣಿದ್ರೆ ನೆನಪಿಡೋಕೆ ಏನು ಉಳಿಯುತ್ತೆ? ಅದಕ್ಕಿಂತ ಮುಖ್ಯ, ಕೇಳಿಸದವರು ಒಬ್ಬೊಬ್ಬರನ್ನೇ ಬಿಡ್ತಾ ಹೋಗ್ತಾರೆ. ಸಾಹೇಬ್ರು, ಗಮಕ, ಮೊಮ್ಮಗಳು.

ದೊಡ್ಡಪ್ಪ: ಎಂಟು ಪೃಚ್ಛಕರನ್ನ ನಾನೇ ಎಬ್ಬಿಸಿ ಕಳಿಸಿದೆ ಅನ್ನು.

ಮಗಳು: ಕೊನೆಗೆ ಉಳಿದದ್ದು ಕಿವಿ ಬೇಡದ ಒಂದೇ ಒಂದು ಆಟ.

ದೊಡ್ಡಪ್ಪ: ಕಿವಿಗೆ ಯಂತ್ರ ಹಾಕಿಕೊಂಡರೆ ಕಾಯಿಲೆ ತಪ್ಪುತ್ತೆ ಅಂತ ಬರೆದು ಕೊಡ್ತೀಯಾ?

ಮಗಳು: ಕೊಡಲ್ಲ. 2023ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 70ರಿಂದ 84 ವಯಸ್ಸಿನ 977 ಜನ, ಮೂರು ವರ್ಷ. ಎಲ್ಲರನ್ನೂ ಸೇರಿಸಿ ನೋಡಿದರೆ ಯಂತ್ರದಿಂದ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ. ಆದರೆ ಹೃದಯ, ಬಿ.ಪಿ. ಅಂತ ಮೊದಲೇ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಬುದ್ಧಿ ಮಂಕಾಗೋ ವೇಗ ಶೇ. 48ರಷ್ಟು ತಗ್ಗಿತು. ನಿಮಗೆ ಬಿ.ಪಿ. ಇದೆ. ಮಿಕ್ಕದ್ದು ನೀವೇ ಲೆಕ್ಕ ಹಾಕಿ. ನಾನು ಬರೆದು ಕೊಡಬಹುದಾದದ್ದು ಒಂದೇ: ಸಾಹೇಬ್ರು ಗೊಣಗೋದು ನಿಲ್ಲಿಸ್ತಾರೆ.

ದೊಡ್ಡಪ್ಪ: ಕನ್ನಡಕ ಹಾಕಿದಾಗ ನಾಚಿಕೆ ಆಗಲಿಲ್ಲ, ಹಲ್ಲು ಕಟ್ಟಿಸಿದಾಗ ಆಗಲಿಲ್ಲ. ಇದಕ್ಕೆ ಮಾತ್ರ ಯಾಕೋ ಅವಮಾನ. ಕಿವುಡ ಅನ್ನೋದನ್ನ ನಮ್ಮಲ್ಲಿ ಪೆದ್ದ ಅನ್ನೋ ಅರ್ಥದಲ್ಲೇ ಅಂತಾರಲ್ಲ. 'ಏನಂದಿರಿ' ಅಂತ ಎರಡು ಸಲ ಕೇಳಬಹುದು. ಮೂರನೇ ಸಲ ಎದುರಿನವರ ಮುಖ ನೋಡಿದ್ದೀಯಾ?

ಮಗಳು: ದಿನಾ ನೋಡ್ತೀನಿ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದುವಾಗ ನಾನು ಮೊದಲು ಕಲಿತದ್ದೇ ಅದು. ಬರೋರು ಕಿವಿ ತೋರಿಸೋಕೆ ಬರಲ್ಲ, ಮನೆಯವರ ಮುಖದ ಬೇಸರ ತಾಳಲಾರದೆ ಬರ್ತಾರೆ. ಒಂದು ಕೇಳ್ತೀನಿ. ನಿಮ್ಮ ಕ್ಲಾಸಲ್ಲಿ ಹಿಂದಿನ ಬೆಂಚಿನ ಹುಡುಗನಿಗೆ ಪ್ರಮೇಯ ಅರ್ಥ ಆಗಲಿಲ್ಲ ಅಂದ್ರೆ ಏನು ಹೇಳ್ತಿದ್ರಿ?

ದೊಡ್ಡಪ್ಪ: ಕೈ ಎತ್ತು ಅಂತಿದ್ದೆ. ಕೈ ಎತ್ತಿ, 'ಇನ್ನೊಂದ್ಸಲ ಹೇಳಿ ಸಾರ್' ಅನ್ನು. ಅರ್ಥವಾಗದೆ ತಲೆ ಆಡಿಸೋನು ಮಾತ್ರ ನನ್ನ ಕ್ಲಾಸಲ್ಲಿ ದಡ್ಡ, ಕೇಳೋನಲ್ಲ.

ಮಗಳು: ಎಷ್ಟು ಸಲ ಕೇಳಬಹುದಿತ್ತು?

ದೊಡ್ಡಪ್ಪ: ಅದಕ್ಕೆ ಲೆಕ್ಕ ಇಟ್ಟಿರಲಿಲ್ಲ. (ಸ್ವಲ್ಪ ಹೊತ್ತು ಬಿಟ್ಟು) ಎರಡು ವರ್ಷದಿಂದ ನಾನೇ ತಲೆ ಆಡಿಸ್ತಾ ಕೂತಿದ್ದೀನಿ ನೋಡು.

ಮಗಳು: ನಾಳೆ ಬೆಳಿಗ್ಗೆ ಪರೀಕ್ಷೆಗೆ ಬನ್ನಿ. ಯಂತ್ರ ಬಂದ ಮೊದಲ ವಾರ ಎಲ್ಲ ಸದ್ದೂ ಕರ್ಕಶ ಅನ್ನಿಸುತ್ತೆ. ಪಾತ್ರೆ, ಮಿಕ್ಸಿ, ಕಾಗೆ, ಎಲ್ಲವೂ ಮೈಮೇಲೆ ಬಂದ ಹಾಗೆ. ಹಲವರು ಆಗಲೇ ತೆಗೆದು ಬೀರುವಿಗೆ ಸೇರಿಸ್ತಾರೆ. ಮೆದುಳಿಗೆ ಮತ್ತೆ ಕೇಳೋದನ್ನ ಕಲೀಬೇಕಾಗುತ್ತೆ, ವಾರಗಳು ಹಿಡೀತವೆ. ಮೊದಲು ಮನೆಯಲ್ಲಿ ಒಬ್ಬರ ಜೊತೆ, ಆಮೇಲೆ ಚೆಸ್ ಬೋರ್ಡಿನ ಮುಂದೆ, ಕೊನೆಗೆ ಗಮಕದ ಸಭೆ. ಹೊಸದೇನಾದ್ರೂ ಕಲೀಬೇಕು ಅಂದೆನಲ್ಲ, ಸಿಕ್ಕಿತು.

ದೊಡ್ಡಪ್ಪ: ಕೌದಿಗಿಂತ ಕಷ್ಟದ್ದೇ ಇದು. ಮೊಮ್ಮಗಳಿಗೆ ಬೀಜಗಣಿತ ಹೇಳಿಕೊಡು ಅಂತ ಸೊಸೆ ಕೇಳ್ತಾನೇ ಇದ್ದಾಳೆ. ಫೋನಿನಲ್ಲಿ ಮುಖ ಕಾಣೋ ಹಾಗೆ ಮಾಡಿದ್ರೆ ತುಟಿ ನೋಡ್ಕೊಂಡು ಅರ್ಧ ತಿಳಿಯುತ್ತೆ, ಅಲ್ವಾ?

ಮಗಳು: ತಿಳಿಯುತ್ತೆ. ಉಳಿದರ್ಧ ಅವಳನ್ನೇ ಕೇಳಿ. ಅವಳೂ ಒಬ್ಬಳು ಪೃಚ್ಛಕಿ. (ಖಾಲಿ ಲೋಟ ಎತ್ತಿಕೊಂಡು ಎದ್ದು, ಒಳಗೆ ಹೋಗುತ್ತಾ ಬಾಗಿಲ ಬಳಿಯಿಂದ, ಬೆನ್ನು ತಿರುಗಿಸಿಕೊಂಡೇ, ಏನೋ ಕೇಳುತ್ತಾಳೆ.)

ದೊಡ್ಡಪ್ಪ: (ನಗುತ್ತಾ ಉತ್ತರಕ್ಕೆ ಬಾಯಿ ತೆರೆಯುತ್ತಾರೆ. ನಿಲ್ಲಿಸುತ್ತಾರೆ. ಪೆನ್ನು ಕೆಳಗಿಟ್ಟು ಬಲಗೈ ಮೇಲೆತ್ತುತ್ತಾರೆ.) ಗೊತ್ತಾಗಲಿಲ್ಲ. ಇನ್ನೊಂದ್ಸಲ ಹೇಳು.

ಮಗಳು: (ತಿರುಗಿ, ಎದುರಿಗೆ ಬಂದು) ಇನ್ನೊಂದು ಲೋಟ ಕಾಫಿ ತರ್ತೀನಿ. ಸಕ್ಕರೆ ಎಷ್ಟು ಹಾಕಲಿ ಅಂದೆ.

ದೊಡ್ಡಪ್ಪ: ಒಂದೂವರೆ ಚಮಚ.